ಹನಿ ಬಿಯರಿನಲ್ಲಿ ಜೇನು ಎಲ್ಲಿದೆ?

ಮಳೆಗಾಲದಲ್ಲಿ ತುಡುವೆ ಜೇನಿನ ಬಾಟಲಿ ಮುಚ್ಚಳ ತೆಗೆದಾಗ ಬುಸ್ಸೆಂದು ಗಾಳಿ ಬಂದು, ಮೇಲೆ ನೊರೆ ಕಂಡರೆ ನಮ್ಮ ಕಡೆ 'ಜೇನು ಹುಳಿ ಬಂತು' ಅನ್ನುತ್ತಾರೆ. ನೀರಿನಂಶ ಹೆಚ್ಚಿರುವ ಜೇನಿನಲ್ಲಿ ಯೀಸ್ಟ್ ಅನ್ನುವ ಸೂಕ್ಷ್ಮಜೀವಿ ಸಕ್ಕರೆ ತಿಂದು ಗಾಳಿ ಮತ್ತು ಮದ್ಯ ಬಿಡುತ್ತದೆ. ಮನೆಯಲ್ಲಿ ಇದು ನಷ್ಟ. ಬೆಂಗಳೂರಿನಲ್ಲಿ ಬಾರ್ಲಿ ಬೇಯಿಸಿದ ನೀರಿಗೆ ಜೇನು ಹಾಕಿ, ಬೇಕೆಂದೇ ಹೀಗೆ ಹುಳಿಸಿ, 'ಹನಿ ಬಿಯರ್' ಅಂತ ಮಾರುತ್ತಾರೆ.

ಡಿಪ್ಲೊಮಾದಲ್ಲಿ ಒಟ್ಟಿಗೆ ಓದಿದ ನಾವು ಮೂವರು ಹೋದ ತಿಂಗಳು ಅಲ್ಲಿ ಇದರ ರುಚಿ ನೋಡಲು ಕೂತೆವು. ಕುಡಿಯಿರಿ ಅಂತ ಹೇಳುವ ಬರಹ ಇದಲ್ಲ. ಕುಡಿತ ಎಷ್ಟು ಮನೆ ಹಾಳು ಮಾಡಿದೆ ಅಂತ ಸುದ್ದಿ ಬರೆದು ಬರೆದು ನಮಗೆ ಗೊತ್ತಿದೆ. ನಮ್ಮ ಕುತೂಹಲ ಇದ್ದದ್ದು ಜೇನಿನ ಮೇಲೆ. ಜೇನಿನ ಹೆಸರಲ್ಲಿ ಮಾರುವ ಬಿಯರಿನಲ್ಲಿ ಜೇನಿನದು ಅಂತ ಏನು ಉಳಿದಿರುತ್ತದೆ?

ಹೋಲಿಸಲು ಊರಿಂದ ಒಂದು ಸಣ್ಣ ಬಾಟಲಿ ತುಡುವೆ ಜೇನು ಒಯ್ದಿದ್ದೆವು. ನೇರಳೆ ಹೂವಿನ ಕಾಲದ್ದು. ಬಣ್ಣ ಕಪ್ಪು, ಕೊನೆಗೆ ನಾಲಿಗೆಯಲ್ಲಿ ಸಣ್ಣ ಕಹಿ. ಒಂದು ಚಮಚ ನೆಕ್ಕುವುದು, ನೀರು ಕುಡಿಯುವುದು, ಆಮೇಲೆ ಒಂದು ಗುಟುಕು ಬಿಯರ್.

ಮೊದಲನೆಯದು ಗೋಧಿ ಬಿಯರ್. ತಿಳಿ ಹಳದಿ, ಸ್ವಲ್ಪ ಮಬ್ಬು. ಬಾಯಿಗೆ ತೆಳ್ಳಗೆ, ಸಿಹಿ ಇಲ್ಲವೇ ಇಲ್ಲ. ಅದನ್ನು ತಯಾರಿಸುವ ಹುಡುಗ ಕಾರಣ ಹೇಳಿದ. ಜೇನಿನ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಮ್ಮಿ ಪೂರ್ತಿ ತಿಂದುಬಿಡುತ್ತದೆ. ಹಾಗಾಗಿ ಜೇನು ಹೆಚ್ಚಾದಷ್ಟೂ ಬಿಯರ್ ಸಿಹಿಯಾಗುವುದಿಲ್ಲ, ತೆಳುವಾಗುತ್ತದೆ. ಇದರಲ್ಲಿ ಜೇನನ್ನು ಕುದಿಯುವಾಗಲೇ ಹಾಕಿದ್ದರಿಂದ ಘಮವೂ ಹಬೆಯ ಜೊತೆ ಹೋಗಿತ್ತು.

ಎರಡನೆಯದು ಕಂದು ಬಣ್ಣದ್ದು. ಬೆಲ್ಲದ ಪಾಕದಂಥ ಸಿಹಿ. ಯಾರಿಗೆ ಕೊಟ್ಟರೂ 'ಇದು ನೋಡಿ ಜೇನು' ಅಂದಾರು. ಆದರೆ ಆ ಸಿಹಿ ಬಂದದ್ದು ಹುರಿದ ಬಾರ್ಲಿ ಮೊಳಕೆಯಿಂದ. ಅದರಲ್ಲಿ ಯೀಸ್ಟ್ ತಿನ್ನಲಾರದ ಸಕ್ಕರೆ ಅಂಶ ಉಳಿಯುತ್ತದೆ.

ಮೂರನೆಯದಕ್ಕೆ ಕುದಿಸಿ ಆರಿಸಿದ ಮೇಲೆ, ಹುಳಿಯುವ ಹೊತ್ತಿನಲ್ಲಿ ಜೇನು ಹಾಕಿದ್ದರು. ಸಿಹಿ ಇಲ್ಲ. ನುಂಗಿದ ಮೇಲೆ ಮೂಗಿನ ಹತ್ತಿರ ಹೂವಿನ ಘಮ ಬಂತು. ನಮ್ಮ ಚಮಚದ ಜೇನಿಗೆ ಇದು ದೂರದ ನೆಂಟ ಅನ್ನಿಸಿತು. ಮೂವರೂ ಇದಕ್ಕೇ ಮೊದಲ ಸ್ಥಾನ ಕೊಟ್ಟೆವು.

ಅಂದರೆ ಬಿಯರಿನಲ್ಲಿ ಜೇನಿನ ಸಿಹಿ ಹೋಗುತ್ತದೆ, ಜಾಗ್ರತೆಯಿಂದ ಮಾಡಿದರೆ ಘಮ ಉಳಿಯುತ್ತದೆ. ಸಕ್ಕರೆಯಷ್ಟೇ ಸಾಕು ಅನ್ನುವವರಿಗೆ ಯಾವ ಅಗ್ಗದ ಜೇನಾದರೂ ನಡೆಯುತ್ತದೆ. ಘಮ ಬೇಕು ಅನ್ನುವವರಿಗೆ ಯಾವ ಹೂವು, ಯಾವ ಊರು ಅನ್ನುವುದು ಮುಖ್ಯವಾಗುತ್ತದೆ. ಜೇನು ಸಾಕುವವರಿಗೆ ಒಳ್ಳೆ ಬೆಲೆ ಸಿಗಬೇಕಾದದ್ದು ಇಲ್ಲಿ.

'ಇದು ಎಲ್ಲಿಯ ಜೇನು?' ಅಂತ ಕೇಳಿದೆವು. ಮೊದಲ ಎರಡಕ್ಕೆ ಬಂದ ಉತ್ತರ, 'ವ್ಯಾಪಾರಿ ಕ್ಯಾನಲ್ಲಿ ಕಳಿಸ್ತಾರೆ ಸಾರ್.' ಮೂರನೆಯದಕ್ಕೆ, 'ಕೊಡಗಿನ ಕಡೆಯದು.' ಅಷ್ಟೇ. ಮೆನುವಿನಲ್ಲಿ ಬಿಯರಿಗೆ ಹಾಕುವ ಹಾಪ್ಸ್ ಹೂವು ಯಾವ ದೇಶದ್ದು ಅಂತ ಬರೆದಿತ್ತು. ಜೇನು ಸಾಕಿದವರ ಊರು, ಹೆಸರು ಇರಲಿಲ್ಲ. ಜಿಲ್ಲೆಯಿಂದ ಕಳಿಸಿದ ಸುದ್ದಿ 'ನಮ್ಮ ಪ್ರತಿನಿಧಿಯಿಂದ' ಅಂತ ಅಚ್ಚಾಗಿ, ಕಾಲಂ ಲೆಕ್ಕದಲ್ಲಿ ದುಡ್ಡು ಪಡೆಯುವ ನಮಗೆ ಇದು ಬೇಗ ಕಣ್ಣಿಗೆ ಬಿತ್ತು.

ಒಬಾಮಾ ಅಧ್ಯಕ್ಷರಾಗಿದ್ದಾಗ ಅಮೆರಿಕದ ಶ್ವೇತಭವನದಲ್ಲೂ ಹನಿ ಬಿಯರ್ ಮಾಡಿದ್ದರು. 2012ರಲ್ಲಿ ತಯಾರಿಸುವ ವಿಧಾನವನ್ನೂ ಪ್ರಕಟಿಸಿದರು. ಅದಕ್ಕೆ ಹಾಕಿದ್ದು ಅಲ್ಲಿನ ಅಂಗಳದ ಪೆಟ್ಟಿಗೆಯ ಜೇನು ಅನ್ನುವುದೇ ದೊಡ್ಡ ಸುದ್ದಿಯಾಯಿತು. ಎಲ್ಲಿಯ ಜೇನು ಅನ್ನುವುದಕ್ಕೆ ಬೆಲೆ ಇದೆ ಅಂತಾಯಿತು.

ನಮ್ಮಲ್ಲಿ 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ದಕ್ಷಿಣ ಭಾರತದ ತುಡುವೆ ಸಾಕಣೆ ನೆಲ ಕಚ್ಚಿತ್ತು. ಪೆಟ್ಟಿಗೆ ಖಾಲಿಯಾದರೂ ಬಿಡದೆ ಮತ್ತೆ ಸಾಕಿದವರಿಂದ ಇವತ್ತು ಈ ಜೇನು ಇದೆ. ಅದು ಹೆಸರಿಲ್ಲದ ಕ್ಯಾನಿನಲ್ಲಿ ರಬ್ಬರ್ ತೋಟದ ಜೇನಿನ ಜೊತೆ ಬೆರೆತು ಹೋದರೆ ಅವರ ಶ್ರಮಕ್ಕೆ ಏನು ಅರ್ಥ?

ನಿಮ್ಮ ಮನೆಯಲ್ಲಿ ಪೆಟ್ಟಿಗೆ ಇದ್ದರೆ ಮೇಣದ ಮುಚ್ಚಳ ಹಾಕಿದ ಎರಿಯನ್ನು ಮಾತ್ರ ತೆಗೆಯಿರಿ. ಆಹಾರ ಸುರಕ್ಷತಾ ನಿಯಮದಂತೆ ಜೇನಿನಲ್ಲಿ ನೀರು ಶೇ 20 ದಾಟಬಾರದು. ದಾಟಿದರೆ ಬಾಟಲಿಯಲ್ಲೇ ಹುಳಿ ಬರುವ ಅಪಾಯ ಹೆಚ್ಚು. ಒಂದು ಹೂವಿನ ಕಾಲದ್ದನ್ನು ಇನ್ನೊಂದರ ಜೊತೆ ಬೆರೆಸಬೇಡಿ. ಚೀಟಿಯಲ್ಲಿ ತಿಂಗಳು, ಹೂವು, ಊರು ಬರೆಯಿರಿ. ಕೆಳಗೆ ನಿಮ್ಮ ಹೆಸರನ್ನೂ ಬರೆಯಿರಿ.