ಕಾಲು ಇಂಚಿನ ಲೆಕ್ಕ, ಅವ್ವನ ಕೌದಿ

ದೀಪಾವಳಿ ಮುಗಿಯುತ್ತಿದ್ದಂತೆ ದಿಲ್ಲಿಯ ಓಣಿಗಳಲ್ಲಿ ರಜಾಯಿಯ ಮಾತು ಶುರುವಾಗುತ್ತದೆ. ಹಳೆಯ ರಜಾಯಿ ಬಿಚ್ಚಿ, ಒಳಗಿನ ಹತ್ತಿ ಹಿಂಜಿಸಿ, ಮತ್ತೆ ತುಂಬಿಸಿಕೊಳ್ಳುವ ಕಾಲವಿದು. ಉತ್ತರ ಕರ್ನಾಟಕದಿಂದ ಬಂದ ನಮ್ಮಂಥವರಿಗೆ ಮಾತ್ರ ಹೊದಿಕೆ ಅಂದರೆ ಮೊದಲು ನೆನಪಾಗುವುದು ಕೌದಿ. ಅದರಲ್ಲಿ ಹತ್ತಿ ತುಂಬುವುದಿಲ್ಲ. ಹಳೆ ಸೀರೆ, ಧೋತರ, ಅಂಗಿಗಳ ತುಂಡುಗಳೇ ಪದರ ಪದರವಾಗಿ ಕೂತು ಬೆಚ್ಚಗೆ ಮಾಡುತ್ತವೆ.

ಹಾಗೆ ನೋಡಿದರೆ ಕೌದಿಗೆ ದಿಲ್ಲಿಗಿಂತ ಒಳ್ಳೆಯ ಊರಿಲ್ಲ. ಇದು ತುಂಡು ಬಟ್ಟೆಗಳ ರಾಜಧಾನಿಯೂ ಹೌದು. ಮಂಗೋಲ್‌ಪುರಿಯ ಕತರನ್ ಮಾರುಕಟ್ಟೆಗೆ ಹೋದರೆ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಉಳಿದ ಚೂರುಗಳು ಕಿಲೋ ಲೆಕ್ಕದಲ್ಲಿ ಸಿಗುತ್ತವೆ. ಜನಪಥದ ಗುಜರಾತಿ ಸಾಲಿನಲ್ಲಿ ಹಳೆ ಕಸೂತಿಯ ತುಂಡುಗಳನ್ನು ಜೋಡಿಸಿ ಗೋಡೆಗೆ ತೂಗುಹಾಕುವ ಬಟ್ಟೆ ಮಾಡಿ ಮಾರುತ್ತಾರೆ. ಉತ್ತರಕ್ಕೆ ಸುಮಾರು 90 ಕಿಲೋಮೀಟರ್ ಹೋದರೆ ಎನ್‌ಸಿಆರ್‌ಗೇ ಸೇರಿದ ಪಾಣಿಪತ್. ಹೊರದೇಶದವರು ಬಿಸಾಡಿದ ಉಣ್ಣೆಯ ಬಟ್ಟೆಗಳನ್ನು ಅಲ್ಲಿ ಚಿಂದಿ ಮಾಡಿ, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತಾರೆ.

ಈ ನಡುವೆ ಗುರುಗ್ರಾಮದಲ್ಲಿ ವಾರಾಂತ್ಯದ ಪ್ಯಾಚ್‌ವರ್ಕ್ ತರಗತಿಯೊಂದಕ್ಕೆ ಸೇರಿಕೊಂಡೆ. ಅಲ್ಲಿ ಕಲಿಸುವುದು ಅಮೆರಿಕದ ಪದ್ಧತಿ. ಪಾರದರ್ಶಕ ಸ್ಕೇಲ್, ಗಾಲಿಯಂತೆ ಉರುಳುವ ಬ್ಲೇಡ್, ಹೊಲಿಗೆ ಯಂತ್ರ. ಮೊದಲ ಪಾಠವೇ ಕಾಲು ಇಂಚು. ಎರಡು ತುಂಡುಗಳನ್ನು ಜೋಡಿಸುವಾಗ ಅಂಚಿನಿಂದ ಸರಿಯಾಗಿ ಕಾಲು ಇಂಚು ಒಳಗೆ ಹೊಲಿಗೆ ಬೀಳಬೇಕು. ಸಾಫ್ಟ್‌ವೇರ್‌ನವರಿಗೆ ಕಾರಣ ತಟ್ಟನೆ ತಿಳಿಯುತ್ತದೆ. ಒಂದು ಸಾಲಿನಲ್ಲಿ 10 ಚೌಕಗಳಿದ್ದರೆ 9 ಹೊಲಿಗೆ. ಪ್ರತಿ ಹೊಲಿಗೆ 1 ಮಿಲಿಮೀಟರ್ ಒಳಗೆ ಸರಿದರೆ ಎರಡೂ ಕಡೆಯ ಬಟ್ಟೆ ಸೇರಿ 2 ಮಿಲಿಮೀಟರ್ ಹೋಯಿತು. ಸಾಲಿನ ಕೊನೆಗೆ 18 ಮಿಲಿಮೀಟರ್ ಕಡಿಮೆ! ಇನ್ನೊಂದು ವಿಷಯವೂ ಅಲ್ಲಿ ತಿಳಿಯಿತು. ತಪ್ಪು ಎಲ್ಲ ಕಡೆ ಒಂದೇ ಸಮ ಇದ್ದರೆ ಮೂಲೆಗಳು ಕೂಡಿಯೇ ಕೂಡುತ್ತವೆ, ಹೊದಿಕೆ ಸ್ವಲ್ಪ ಚಿಕ್ಕದಾಗುತ್ತದೆ ಅಷ್ಟೆ. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಆದರೇ ಫಜೀತಿ.

ಅದೇ ಚಳಿಗಾಲದಲ್ಲಿ ಅವ್ವ ಧಾರವಾಡದಿಂದ ನೋಯ್ಡಾಕ್ಕೆ ಬಂದಿದ್ದಳು. ಬರುವಾಗ ಅರ್ಧ ಹೊಲಿದ ಕೌದಿಯೊಂದನ್ನು ಗಂಟು ಕಟ್ಟಿ ತಂದಿದ್ದಳು. ಅಳತೆಪಟ್ಟಿ ಇಲ್ಲ, ಗೆರೆ ಇಲ್ಲ. ಅಡಿಯಲ್ಲಿ ಹಳೆ ಸೀರೆ. ಅದರ ಮೇಲೆ ಅಂಚು ಮಡಚಿದ ತುಂಡುಗಳು ಒಂದರ ಮೇಲೊಂದು ತುಸು ಏರಿಕೊಂಡು ಕೂತಿರುತ್ತವೆ. ಒಂದು ತುಂಡು ಅರ್ಧ ಇಂಚು ಗಿಡ್ಡವಾದರೆ ಮುಂದಿನದನ್ನು ಅಷ್ಟು ಹೆಚ್ಚು ಏರಿಸಿದರಾಯಿತು. ತಪ್ಪು ಅಲ್ಲೇ ಮುಗಿಯುತ್ತದೆ, ಮುಂದಿನ ತುಂಡಿಗೆ ದಾಟುವುದಿಲ್ಲ. ಕಾಲು ಇಂಚಿನ ಲೆಕ್ಕ ಕೌದಿಗೆ ಬೇಕಿಲ್ಲದಿರುವುದು ಇದಕ್ಕೇ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಇನ್ನೂ ಒಂದು ಹೆಜ್ಜೆ ಮುಂದೆ. ಅವರು ಮೂಲೆಯಿಂದ ಶುರುಮಾಡಿ, ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬರುತ್ತಾರೆ. ಅಂಚು ಮೊದಲೇ ಭದ್ರವಾಗಿರುವುದರಿಂದ ಉಳಿದ ಜಾಗದಲ್ಲಿ ಏನು ಕೂಡಿಸಬೇಕೆಂಬುದು ಕೈಗೆ ಬಿಟ್ಟದ್ದು. ನಾಲ್ಕೂ ಮೂಲೆಗೆ ಮಡಚಿದ ಬಟ್ಟೆಯ ‘ಫುಲ’, ಅಂದರೆ ಹೂವು. ಈ ಕೌದಿಗಳು 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಸೆಂಟರ್‌ನಲ್ಲಿ ಪ್ರದರ್ಶನ ಕಂಡವು.

ಹಾಗಂತ ಕೌದಿಯಲ್ಲಿ ಎಲ್ಲವೂ ನಡೆಯುತ್ತದೆ ಎಂದಲ್ಲ. ಸೂಜಿ ಎಲ್ಲ ಪದರಗಳನ್ನೂ ಹಿಡಿಯಲೇಬೇಕು, ಇಲ್ಲದಿದ್ದರೆ ಒಗೆದಾಗ ಒಳಗಿನ ಬಟ್ಟೆ ಮುದ್ದೆಯಾಗುತ್ತದೆ. ಹೊಲಿಗೆ ಉದ್ದವಾದರೆ ಕಾಲ್ಬೆರಳು ಸಿಕ್ಕಿ ದಾರ ಹರಿಯುತ್ತದೆ. ಇವುಗಳಿಗೆ ಅವ್ವನ ಹತ್ತಿರ ಮಾಫಿ ಇಲ್ಲ. ಸಾಲು ಡೊಂಕಾದರೆ, ಬಣ್ಣ ಕೂಡದಿದ್ದರೆ ಚಿಂತೆಯಿಲ್ಲ. ಹಳೆ ಕಾಲದವರು ‘ದೇವರೊಬ್ಬನೇ ಪರಿಪೂರ್ಣ’ ಎಂದು ಬೇಕಂತಲೇ ಒಂದು ತಪ್ಪು ಬಿಡುತ್ತಿದ್ದರು ಎಂಬ ಕಥೆ ಅಮೆರಿಕದ ಕ್ವಿಲ್ಟ್ ಲೋಕದಲ್ಲಿದೆ. ಅದು ಬರೀ ದಂತಕಥೆ ಅನ್ನುತ್ತಾರೆ ಚರಿತ್ರೆ ಬಲ್ಲವರು. ನನಗೂ ಹಾಗೇ ಅನಿಸುತ್ತದೆ. ಹೊಲಿಯುವವರಿಗೆ ಬೇಕಂತ ತಪ್ಪು ಮಾಡುವ ಗರಜೇ ಬೀಳುವುದಿಲ್ಲ.

ಅವ್ವನಿಗೆ ಈಗ ಕಣ್ಣು ಮೊದಲಿನಂತಿಲ್ಲ. ಕೌದಿಯ ಒಂದು ಅಂಚಿನಲ್ಲಿ ಅಕ್ಕಿಕಾಳಿನಂಥ ಹೊಲಿಗೆ. ನಡುವಿಗೆ ಬರುತ್ತ ಸಾಲು ಏರಿಳಿಯುತ್ತದೆ. ಒಂದು ಸಂಜೆ ಅದನ್ನು ತಡವಿ ನೋಡಿ, “ಅಡ್ಡಾದಿಡ್ಡಿ ಆಗೇತಿ, ಬಿಚ್ಚಿಬಿಡ್ಲೇನು?” ಅಂದಳು.

“ಎಲ್ಲಾ ಪದರಕ್ಕೂ ಸೂಜಿ ಹತ್ತೇತಿಲ್ಲಬೇ?” ಅಂದೆ.

ತಿರುವಿ ಹಿಂಭಾಗ ನೋಡಿದಳು. “ಹತ್ತೇತಿ. ಹೊಚ್ಚಿಕೊಂಡ್ರ ಯಾರಿಗೆ ಕಾಣತೈತಿ, ಬಿಡು.” ಮತ್ತೆ ದಾರ ಪೋಣಿಸಲು ಸೂಜಿಯನ್ನು ನನ್ನ ಕೈಗೆ ಕೊಟ್ಟಳು.

ಐಎನ್‌ಎ ಎದುರಿನ ದಿಲ್ಲಿ ಹಾಟ್‌ನಲ್ಲಿ ಹದಿನೈದು ದಿನಕ್ಕೊಮ್ಮೆ ಮಳಿಗೆದಾರರು ಬದಲಾಗುತ್ತಾರೆ. ಫೆಬ್ರವರಿಯಲ್ಲಿ ಫರೀದಾಬಾದಿನ ಸೂರಜ್‌ಕುಂಡ್ ಮೇಳವಿರುತ್ತದೆ. ಎಲ್ಲಾದರೂ ಕೈಹೊಲಿಗೆಯ ಹೊದಿಕೆ ಕಂಡರೆ ಸಾಲು ಡೊಂಕಿದೆ ಎಂದು ಬೆಲೆ ಇಳಿಸಬೇಡಿ. ಒಂದು ಕೌದಿ ಮುಗಿಯಲು ವಾರಗಟ್ಟಲೆ ಬೇಕು. ತಿರುವಿ ಹಾಕಿ ಹಿಂಭಾಗ ನೋಡಿ, ಅಂಚು ಎಳೆದು ನೋಡಿ. ಗಟ್ಟಿ ಇದ್ದರೆ ಕೇಳಿದಷ್ಟು ಕೊಟ್ಟು ತನ್ನಿ.