ಗೋಪನಕೊಪ್ಪದಿಂದ ತೋಮನ ಬೆಟ್ಟಕ್ಕೆ

ಗೋಪನಕೊಪ್ಪದ ನಮ್ಮ ಮನೆಯಲ್ಲಿ ಅಜ್ಜನ ಒಂದು ಅಂಚೆಚೀಟಿ ಆಲ್ಬಮ್ ಇದೆ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅಜ್ಜ ಅದರಲ್ಲಿ ಒಂದೇ ಒಂದು ಚೀಟಿಯನ್ನು ಬೆರಳಿಟ್ಟು ತೋರಿಸೋರು: 1964ರಲ್ಲಿ ಪೋಪ್ ಆರನೇ ಪೌಲ್ ಮುಂಬೈಗೆ ಬಂದಾಗ ನಮ್ಮ ಸರ್ಕಾರ ತಂದ ಸಂತ ತೋಮನ ಚೀಟಿ. ಶಾಲೆಯಲ್ಲಿ ಒಬ್ಬ "ನಿಮ್ದು ಇಂಗ್ಲಿಷರು ತಂದ ಧರ್ಮ ಅಲ್ಲೇನಲೇ?" ಅಂದಿದ್ದಕ್ಕೆ ಅತ್ತುಕೊಂಡು ಬಂದಿದ್ದೆ. ಅಜ್ಜ ಆಲ್ಬಮ್ ತೆಗೆದು, "ಇಂವಾ ಯೇಸುಸ್ವಾಮಿ ಹನ್ನೆರಡು ಶಿಷ್ಯರೊಳಗ ಒಬ್ಬ. ಇಂಗ್ಲಿಷರಕಿಂತ ಸಾವಿರದೈನೂರು ವರ್ಷ ಮೊದಲ ಬಂದಾನ. ಹೋಗಿ ಹೇಳು ಅವಗ" ಅಂದರು.

ಅಜ್ಜ ತೀರಿಕೊಂಡು ಮೂರು ವರ್ಷ ಆಯ್ತು. ಮೊನ್ನೆ ಆಫೀಸ್ ಕೆಲಸಕ್ಕೆ ಚೆನ್ನೈಗೆ ಹೋದಾಗ ಬಿಡುವು ಮಾಡಿಕೊಂಡು ಸೇಂಟ್ ಥಾಮಸ್ ಮೌಂಟ್‌ಗೆ ಹೋದೆ. ಮೆಟ್ರೊ ನಿಲ್ದಾಣಕ್ಕೂ ಅದೇ ಹೆಸರು. ತಮಿಳಿನಲ್ಲಿ ಮಾತ್ರ ಅದು ಪರಂಗಿಮಲೈ, ಅಂದರೆ ಪರಂಗಿಯವರ ಬೆಟ್ಟ! ನಾವು ಪರದೇಶಿಗಳಲ್ಲ ಅಂತ ಸಾಬೀತು ಮಾಡೋಕೆ ಹೊರಟವನಿಗೆ ಒಳ್ಳೆ ಸ್ವಾಗತ.

ಬೆಟ್ಟ ದೊಡ್ಡದೇನಲ್ಲ, ಸುಮಾರು 300 ಅಡಿ. ನಮ್ಮ ನೃಪತುಂಗ ಬೆಟ್ಟ ಹತ್ತಿದವರಿಗೆ ಲೆಕ್ಕಕ್ಕಿಲ್ಲ. ಮೆಟ್ಟಿಲು ಕಟ್ಟಿಸಿದವನು 18ನೇ ಶತಮಾನದ ಒಬ್ಬ ಆರ್ಮೇನಿಯನ್ ವ್ಯಾಪಾರಿ. ಕ್ರಿ.ಶ. 52ರಲ್ಲಿ ಕೇರಳದ ಕೊಡುಂಗಲ್ಲೂರಿಗೆ ಬಂದಿಳಿದ ತೋಮ, 72ರಲ್ಲಿ ಇಲ್ಲೇ ಈಟಿ ತಿವಿತಕ್ಕೆ ಸತ್ತ ಅನ್ನೋದು ನಂಬಿಕೆ. ಮೇಲೆ ಪೋರ್ಚುಗೀಸರು 1523ರಲ್ಲಿ ಕಟ್ಟಿದ ಪುಟ್ಟ ಚರ್ಚು. ಅದರೊಳಗಿನ ಕಲ್ಲಿನ ಶಿಲುಬೆ 1547ರಲ್ಲಿ ನೆಲ ಅಗೆಯುವಾಗ ಸಿಕ್ಕಿದ್ದು. ತೋಮನೇ ಕೆತ್ತಿದ್ದು ಅಂತಾರೆ. ಆದರೆ ಸುತ್ತಲೂ ಇರುವ ಬರಹ ಪರ್ಷಿಯಾದ ಪಹ್ಲವಿ ಭಾಷೆಯದು, ತೋಮನಿಗಿಂತ ಎಷ್ಟೋ ಶತಮಾನ ಈಚಿನದು.

ಸಂಶಯಪಡೋಕೆ ನನಗೇನೂ ಸಂಕೋಚ ಆಗಲಿಲ್ಲ. ಯೇಸು ಎದ್ದುಬಂದ ಅಂದಾಗ, ಗಾಯ ಮುಟ್ಟಿ ನೋಡದೆ ನಂಬಲ್ಲ ಅಂದವನೇ ಈ ತೋಮ. ನಮ್ಮ ಟೆಸ್ಟಿಂಗ್ ಟೀಮಿಗೆ ಹೇಳಿ ಮಾಡಿಸಿದ ಮನುಷ್ಯ. ಅವನ ಭಾರತದ ಕಥೆ ಹೇಳುವ ಹಳೆಯ ಪುಸ್ತಕ 'ತೋಮನ ಕೃತ್ಯಗಳು', 3ನೇ ಶತಮಾನದ್ದು. ಅದರಲ್ಲಿ ಗೊಂಡೊಫಾರೆಸ್ ಅನ್ನೋ ರಾಜ ಅರಮನೆ ಕಟ್ಟೋಕೆ ಹಣ ಕೊಡ್ತಾನೆ. ತೋಮ ಅದನ್ನೆಲ್ಲ ಬಡವರಿಗೆ ಹಂಚಿ, ಅರಮನೆ ಸ್ವರ್ಗದಲ್ಲಿದೆ ಅಂತಾನೆ. ಬಜೆಟ್ ಪೂರ್ತಿ ಖಾಲಿ, ಡೆಲಿವರಿ ಮಾತ್ರ ಸತ್ತ ಮೇಲೆ! ಇಂಥ ರಾಜನೇ ಇರಲಿಲ್ಲ ಅಂದುಕೊಂಡಿದ್ದರು. 19ನೇ ಶತಮಾನದಲ್ಲಿ ವಾಯವ್ಯ ಗಡಿಯ ಕಡೆ ಅವನ ನಾಣ್ಯಗಳೇ ಸಿಕ್ಕವು. ರಾಜ ಖರೆ ಅಂತಾಯ್ತು. ತೋಮ?

ಹಿಂದಿನ ಕಟ್ಟೆ ಮೇಲೆ ಕೂತೆ. ಕೆಳಗೆ ವಿಮಾನ ನಿಲ್ದಾಣ, ಒಂದರ ಹಿಂದೊಂದು ವಿಮಾನ ಇಳಿಯುತ್ತಿದ್ದವು. ಅಜ್ಜ ಒಂದು ವಿಷಯ ಹೇಳಿರಲಿಲ್ಲ. ತೋಮನ ಕ್ರೈಸ್ತರು ಅಂದರೆ ಕೇರಳದವರು, ನಾವಲ್ಲ. ನಮ್ಮ ಹಿರಿಯರಿಗೆ ದೀಕ್ಷೆ ಕೊಟ್ಟದ್ದು 1839ರಲ್ಲಿ ಹುಬ್ಬಳ್ಳಿಗೆ ಬಂದ ಬಾಸೆಲ್ ಮಿಷನ್. ಅವರು ಸ್ವಿಸ್, ಜರ್ಮನ್ ಮಂದಿ. ಇಂಗ್ಲಿಷರು ಅಂದವನೂ ತಪ್ಪು, ಅಜ್ಜನೂ ಅರ್ಧ ತಪ್ಪು. ಆ ಮಿಷನ್ನಿನ ಕಿಟೆಲ್ 1894ರಲ್ಲಿ ಅಚ್ಚು ಹಾಕಿಸಿದ ಕನ್ನಡ ನಿಘಂಟನ್ನು ಮಾತ್ರ ಯಾರೂ ಪರದೇಶಿ ಅನ್ನಲ್ಲ. ಅಳುತ್ತಾ ಬಂದ ದಿನ ನನಗೆ ಈ ಉತ್ತರ ಹೊಳೆದಿದ್ದರೆ!

ಅವ್ವನಿಗೆ ವಿಡಿಯೋ ಕಾಲ್ ಮಾಡಿ ಶಿಲುಬೆ ತೋರಿಸಿದೆ. "ಅಜ್ಜ ಹೇಳಿದ್ದು ಖರೇನ ಏನೋ?" ಅಂದಳು.

"ಗೊತ್ತಾಗಲಿಲ್ಲವ್ವ."

"ಇರಲಿ ಬಿಡು. ಅವರ ಹೆಸರಿಲೆ ಒಂದು ಮೇಣಬತ್ತಿ ಹಚ್ಚಿ ಬಾ."

ಎರಡು ಹಚ್ಚಿದೆ.