ಎಂಟಡಿ ಹಲಗೆಯ ದೋಣಿ

ಗವರ್ನರ್‌ಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ ಈ ಏಪ್ರಿಲ್‌ನಲ್ಲಿ ಮೂರು ದಿನ ಊಟದ ಹೊತ್ತಿಗೆ ಮಾತಿರಲಿಲ್ಲ. ಅದಕ್ಕೆ ಕಾರಣ ಒಂದು ಫೋಟೊ. ಸಿಕಂದರಾಬಾದಿನಲ್ಲಿರುವ ಸೋದರಮಾವ ಮಗಳಿಗೆ ಕಳಿಸಿದ್ದು. ಹುಸೇನ್ ಸಾಗರದ ನೀರಿನ ಮೇಲೆ ಪುಟ್ಟದೊಂದು ಬಿಳಿ ಹಾಯಿದೋಣಿ, ಅದರಲ್ಲಿ ಒಬ್ಬಳೇ ಹುಡುಗಿ, ಕೈಯಲ್ಲೊಂದು ಹಗ್ಗ. "ಅಪ್ಪಾ, ರಜೆಯಲ್ಲಿ ನಾನೂ ಕಲೀತೀನಿ" ಎಂದಳು ಹನ್ನೊಂದು ವರ್ಷದ ಮಗಳು. ನಾನು ತಟ್ಟೆಯಿಂದ ತಲೆ ಎತ್ತದೆ "ಬೇಡ" ಎಂದೆ.

ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದು, "ಇದಕ್ಕ ಮೂತೀನ ಇಲ್ಲಲ್ಲೋ. ದನಕ್ಕ ನೀರು ಕುಡಸೂ ದ್ವಾಣಿ ಇದ್ದಂಗ ಐತಿ" ಎಂದಳು. ನಮ್ಮ ಕಡೆ ದನಗಳಿಗೆ ನೀರಿಡುವ ಕಲ್ಲಿನ ತೊಟ್ಟಿಗೂ ದೋಣಿ ಎಂದೇ ಹೆಸರು. ಮಗಳು ನಕ್ಕಳು. ನನಗೆ ನಗು ಬರಲಿಲ್ಲ.

ನನ್ನ ಭಯಕ್ಕೆ ಕಾರಣಗಳಿದ್ದವು. ನಾನು ಎಂಜಿನಿಯರಿಂಗ್ ಓದುತ್ತಿದ್ದಾಗ ಹಳೇ ಬಾಗಲಕೋಟೆಯ ನಮ್ಮ ಮನೆ ಆಲಮಟ್ಟಿ ಹಿನ್ನೀರಿನ ಪಾಲಾಯಿತು. ಬಾಗಿಲು, ಚೌಕಟ್ಟು ಕಿತ್ತು ಟ್ರ್ಯಾಕ್ಟರಿಗೆ ಹೇರಿಕೊಂಡು ನವನಗರಕ್ಕೆ ಹೋದೆವು. ನೀರು ಎಂದರೆ ಮನೆ ನುಂಗುವ ವಸ್ತು ಎಂದು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಈಜು ಕಲಿಯಲೇ ಇಲ್ಲ. ಮುಂದೆ ನೌಕರಿ ವಿಜಯವಾಡಕ್ಕೆ ತಂದು ಹಾಕಿದಾಗ ಆ ನೀರು ಇಲ್ಲಿಗೂ ಬಂದಿತ್ತು. ಘಟಪ್ರಭೆ ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನ ಸಾಗರ ದಾಟಿ ಪ್ರಕಾಶಂ ಬ್ಯಾರೇಜಿಗೆ ಬಂದು ನಿಲ್ಲುತ್ತದೆ. ನಾವು ಬಂದ ವರ್ಷವೇ, 2017ರ ನವೆಂಬರ್‌ನಲ್ಲಿ, ಪವಿತ್ರ ಸಂಗಮದ ಬಳಿ ಪ್ರವಾಸಿಗಳ ದೋಣಿ ಮುಗುಚಿ ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಮರುದಿನ ಏಲೂರು ರಸ್ತೆಯ ಟೀ ಅಂಗಡಿಯಲ್ಲಿ ಬೇರೆ ಮಾತೇ ಇರಲಿಲ್ಲ.

ಆದರೆ ಬೇಡ ಎನ್ನುವುದಕ್ಕೂ ಆಧಾರ ಬೇಕಲ್ಲ? ಎಂಟೆಕ್ ಓದಿದವನ ಚಟ. ಮಗಳ ಬಾಯಿ ಮುಚ್ಚಿಸುವಂಥ ಒಂದು ದೋಷ ಸಿಗಲಿ ಎಂದು ಆ ದೋಣಿಯ ಬಗ್ಗೆ ಓದಲು ಕೂತೆ.

ಅದರ ಹೆಸರು ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಫ್ಲೋರಿಡಾದ ಕ್ಲಿಯರ್‌ವಾಟರ್ ಎಂಬ ಊರಿನಲ್ಲಿ ಹುಟ್ಟಿದ್ದು. ಆಗ ಅಲ್ಲಿನ ಹುಡುಗರಿಗೆ ಮರದ ಪೆಟ್ಟಿಗೆಗಳಿಂದ ಎಂಜಿನ್ ಇಲ್ಲದ ಗಾಡಿ ಮಾಡಿ ಇಳಿಜಾರಿನಲ್ಲಿ ಬಿಡುವ ಪಂದ್ಯದ ಹುಚ್ಚು. ಊರಿನ ಆಪ್ಟಿಮಿಸ್ಟ್ ಕ್ಲಬ್ಬಿನಲ್ಲಿ ಮೇಜರ್ ಕ್ಲಿಫರ್ಡ್ ಮೆಕೇ ಎಂಬವರು, ಸುತ್ತ ಇಷ್ಟೊಂದು ನೀರಿರುವಾಗ ಮಕ್ಕಳಿಗೆ ದೋಣಿಯನ್ನೇ ಏಕೆ ಕೊಡಬಾರದು ಎಂದು ಕೇಳಿದರು. ಆ ಕೆಲಸ ಕ್ಲಾರ್ಕ್ ಮಿಲ್ಸ್ ಎಂಬ ದೋಣಿ ಕಟ್ಟುವವರಿಗೆ ಬಂತು. ಷರತ್ತುಗಳು ಎರಡೇ: ಖರ್ಚು 50 ಡಾಲರ್ ಒಳಗಿರಬೇಕು, ಮಗುವೊಂದು ಒಂಟಿಯಾಗಿ ನಡೆಸುವಂತಿರಬೇಕು.

ಅವ್ವ ಕೇಳಿದ ಮೂತಿಯ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಪ್ಲೈವುಡ್ ಹಲಗೆ ಸಿಗುತ್ತಿದ್ದುದು ಎಂಟಡಿ ಉದ್ದ. ಚೂಪು ಮೂತಿ ಮಾಡಲು ಹೋದರೆ ಹಲಗೆ ಸಾಲದು, ಖರ್ಚೂ ಏರುತ್ತದೆ. ಹಾಗಾಗಿ ಮಿಲ್ಸ್ ಮೂತಿಯನ್ನೇ ಬಿಟ್ಟು ಮುಂಭಾಗವನ್ನು ಚಪ್ಪಟೆ ಮಾಡಿದರು. ಬಜೆಟ್ಟಿನಿಂದ ರೂಪ ಪಡೆದ ದೋಣಿ! ಇಪ್ಪತ್ತು ವರ್ಷ ಪ್ರಾಜೆಕ್ಟ್ ನಡೆಸಿದ ನನಗೆ ಆ ಮನುಷ್ಯನ ಮೇಲೆ ಅಲ್ಲಿಂದಲೇ ಪ್ರೀತಿ ಹುಟ್ಟಿತು.

1950ರ ದಶಕದಲ್ಲಿ ಆಕ್ಸೆಲ್ ಡಮ್‌ಗಾರ್ಡ್ ಎಂಬವರು ಇದನ್ನು ಡೆನ್ಮಾರ್ಕಿಗೆ ಒಯ್ದರು. ಅಲ್ಲಿಂದ ಯುರೋಪಿನ ತುಂಬ ಹರಡಿತು. 1965ರಲ್ಲಿ ಅಂತರರಾಷ್ಟ್ರೀಯ ಸಂಘವೂ ಆಯಿತು. ಮುಂದೆ ಪ್ಲೈವುಡ್ ಜಾಗಕ್ಕೆ ಫೈಬರ್‌ಗ್ಲಾಸ್ ಬಂತು. ಅಚ್ಚಿನೊಳಗೆ ಗಾಜಿನ ನಾರಿನ ಪದರಗಳನ್ನು ಹಾಸಿ, ರಾಳ ಸವರಿ, ಗಟ್ಟಿಯಾದ ಮೇಲೆ ಬಿಡಿಸಿದರೆ ದೋಣಿಯ ಒಡಲು ಸಿದ್ಧ. ಕೊಳೆಯುವುದಿಲ್ಲ, ಒಂದರಂತೆ ಇನ್ನೊಂದನ್ನು ಮಾಡಬಹುದು. 1995ರಲ್ಲಿ ಎಲ್ಲ ತಯಾರಕರೂ ಒಂದೇ ಅಳತೆಗೆ ಮಾಡಬೇಕೆಂಬ ಕಟ್ಟುನಿಟ್ಟಿನ ನಿಯಮ ಬಂತು. ಶ್ರೀಮಂತರ ಮಗುವಿಗೂ ಕ್ಲಬ್ಬಿನ ಹಳೇ ದೋಣಿಯ ಮಗುವಿಗೂ ಆಕಾರ ಅದೇ. ಒಡಲಿನ ತೂಕ 35 ಕಿಲೊ, ನಮ್ಮ ಮಗಳಿಗಿಂತ ಸ್ವಲ್ಪ ಹೆಚ್ಚು.

ನಾನು ಹುಡುಕುತ್ತಿದ್ದ ದೋಷವೂ ಸಿಕ್ಕಿತು: ಇದು ಮುಗುಚುತ್ತದೆ. ಅದನ್ನು ಯಾರೂ ಮುಚ್ಚಿಟ್ಟಿಲ್ಲ. ಮುಗುಚಿದ ಮೇಲೆ ಏನು ಎಂಬುದಕ್ಕೇ ಅಲ್ಲಿ ವ್ಯವಸ್ಥೆ ಇದೆ. ಒಳಗೆ ಕಟ್ಟಿರುವ ಮೂರು ಗಾಳಿಚೀಲಗಳು ದೋಣಿಯನ್ನು ಮುಳುಗಲು ಬಿಡುವುದಿಲ್ಲ. ದೋಣಿ ಅಡ್ಡಡ್ಡ ಜಾರದಂತೆ ನಡುವಿನ ಸೀಳಿನಿಂದ ನೀರಿಗೆ ಇಳಿಸುವ ಹಲಗೆ, ಮುಗುಚಿದಾಗ ಹತ್ತಿ ನಿಲ್ಲುವ ಮೆಟ್ಟಿಲಾಗುತ್ತದೆ. ಅದರ ಮೇಲೆ ಮೈಭಾರ ಹಾಕಿ ಎಳೆದರೆ ದೋಣಿ ಎದ್ದು ಕೂರುತ್ತದೆ. ಒಳಗೆ ತುಂಬಿದ ನೀರನ್ನು ಮೊಗೆದು ಚೆಲ್ಲಲು ದಾರ ಕಟ್ಟಿದ ಒಂದು ಮೊಗೆ. ಹೆದರಿಕೆಯಾದರೆ ಹಾಯಿಯ ಹಗ್ಗ ಬಿಟ್ಟರಾಯಿತು, ಹಾಯಿ ಪಟಪಟ ಬಡಿದುಕೊಂಡು ದೋಣಿ ನಿಧಾನವಾಗುತ್ತದೆ.

ಇದನ್ನೆಲ್ಲ ಊಟಕ್ಕೆ ಕೂತಾಗ ಹೇಳಿದೆ. ಗೆದ್ದದ್ದು ಮಗಳು.

ಮೇ ತಿಂಗಳ ಒಂದು ಬೆಳಿಗ್ಗೆ ಹುಸೇನ್ ಸಾಗರದ ದಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆ. ಎದುರಿಗೆ ನೀರಿನ ನಡುವೆ ಬುದ್ಧ. 1990ರಲ್ಲಿ ಆ ಮೂರ್ತಿಯನ್ನು ಸಾಗಿಸುತ್ತಿದ್ದ ಬಾರ್ಜ್ ವಾಲಿ, ಕೆಲವರ ಪ್ರಾಣವೂ ಹೋಗಿ, ಬುದ್ಧ ಕೆರೆಯ ತಳ ಸೇರಿದ್ದ. ಅವನನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ 1992 ಬಂದಿತ್ತು. ಅಂಥ ಜಾಗದಲ್ಲಿ ಮಗಳಿಗೆ ಅಂದಿನ ಪಾಠ ಬೇಕೆಂದೇ ದೋಣಿ ಮುಗುಚುವುದು.

ಲೈಫ್ ಜಾಕೆಟ್ ಇತ್ತು, ಹತ್ತಿರವೇ ಮೋಟಾರು ದೋಣಿಯಲ್ಲಿ ತರಬೇತುದಾರರಿದ್ದರು. ಎಲ್ಲವೂ ಗೊತ್ತಿದ್ದೂ, ಬಿಳಿ ಒಡಲು ವಾಲಿ ಹಾಯಿ ನೀರಿಗೆ ಮಲಗಿದಾಗ ನಾನು ನೀರಿನ ಅಂಚಿಗೆ ಓಡಿದ್ದೆ, ಈಜು ಬಾರದವನು! "ಕೂರ್ಚೋಂಡಿ ಸಾರ್" ಎಂದು ಹಿಂದಿನಿಂದ ಯಾರೋ ಕೂಗಿದರು. ಕೂರಲಾಗಲಿಲ್ಲ. ಮಗಳ ತಲೆ ಕಾಣಿಸಿತು. ಹಲಗೆಯ ಮೇಲೆ ಹತ್ತಲು ಹೋಗಿ ಜಾರಿದಳು. ಮತ್ತೆ ಹತ್ತಿದಳು, ಮತ್ತೆ ಜಾರಿದಳು. ತರಬೇತುದಾರರು ಸುಮ್ಮನೆ ನೋಡುತ್ತಿದ್ದರು. ನನಗೆ ಅವರ ಮೇಲೆ ಸಿಟ್ಟು ಬಂತು.

ಆ ಕೆಲವು ನಿಮಿಷಗಳಲ್ಲಿ ನೆನಪಾದದ್ದು ನನ್ನ ತಂಡದಲ್ಲಿದ್ದ ಒಬ್ಬ ಹುಡುಗ. ರಾತ್ರಿ ಅವನ ಕೋಡ್ ಕೆಟ್ಟು ಸಿಸ್ಟಂ ನಿಂತಾಗ, ಹತ್ತು ನಿಮಿಷ ಕಾಯದೆ ಅವನ ಕೈಯಿಂದ ಕೆಲಸ ಕಸಿದು ನಾನೇ ಸರಿಪಡಿಸಿದ್ದೆ. ಒಂದು ಸಲವಲ್ಲ, ಮೂರು ಸಲ. ಕೆಲಸ ಬಿಡುವ ದಿನ ಅವನು ಸಿಟ್ಟಿಲ್ಲದೆ ಹೇಳಿದ್ದ, "ಸರ್, ನಿಮ್ಮ ಹತ್ರ ಇದ್ರೆ ನಾನು ಕಲಿಯೋದಿಲ್ಲ." ಅವನಿಗೆ ಧೈರ್ಯ ಸಾಲದು ಎಂದುಕೊಂಡಿದ್ದೆ.

ನಾಲ್ಕನೆಯ ಸಲ ಮಗಳು ಹಲಗೆಯ ಮೇಲೆ ನಿಂತಳು. ದೋಣಿ ಒಮ್ಮೆಲೇ ಎದ್ದಿತು. ಒಳಗೆ ಹತ್ತಿ, ನನ್ನತ್ತ ನೋಡದೆ, ತಲೆ ತಗ್ಗಿಸಿ ನೀರು ಮೊಗೆದು ಚೆಲ್ಲತೊಡಗಿದಳು.

ಗವರ್ನರ್‌ಪೇಟೆಗೆ ಮರಳಿದ ರಾತ್ರಿ ಅವ್ವನಿಗೆ ವಿಡಿಯೊ ತೋರಿಸಿದೆವು. ಮುಗುಚಿದ್ದಕ್ಕೆ ಅವ್ವ ಹೆದರಲಿಲ್ಲ. ನೀರು ಮೊಗೆಯುವುದನ್ನೇ ಮತ್ತೆ ಹಾಕಿಸಿ ನೋಡಿದಳು. "ನಾ ಸಣ್ಣಾಕಿದ್ದಾಗ ಹರಿಗೋಲಿನ್ಯಾಗ ಹೊಳಿ ದಾಟುವಾಗ ಚರಿಗಿಲೆ ನೀರು ಚೆಲ್ಲೂದು ನನ್ನ ಕೆಲಸ" ಎಂದಳು. ನಲವತ್ತು ದಾಟಿದ ನನಗೆ ಅವ್ವ ಇದನ್ನು ಹೇಳಿದ್ದು ಮೊದಲ ಸಲ. ಮುಳುಗಿದ ಮನೆಯ ಬಗ್ಗೆ ಕೇಳಿದ್ದೆನೇ ಹೊರತು, ಅದಕ್ಕೂ ಮುಂಚಿನ ಹೊಳೆಯ ಬಗ್ಗೆ ಕೇಳಿರಲೇ ಇಲ್ಲ.

ಮರುದಿನ ಅಡುಗೆಮನೆಯಲ್ಲಿ ಖಾಲಿಯಾದ ಎಣ್ಣೆ ಕ್ಯಾನನ್ನು ಅವ್ವ ತೊಳೆದು ಇಟ್ಟಿದ್ದಳು. "ಬಾಯಿ ಕತ್ತರಿಸಿ ದಾರ ಕಟ್ಟಿ ಕೊಡು. ಆಕಿ ಮುಂದಿನ ವರ್ಷ ಒಯ್ಯಲಿ" ಎಂದಳು. ಅಂಚು ಕೈಗೆ ಚುಚ್ಚದಂತೆ ಉಜ್ಜಿ ನಯ ಮಾಡುತ್ತಾ ಕೂತೆ. ಜೂನ್‌ನಿಂದ ನಾನೂ ಈಜಿನ ತರಗತಿಗೆ ಹೋಗುತ್ತಿದ್ದೇನೆ. ಇನ್ನೂ ಗೋಡೆ ಹಿಡಿದುಕೊಂಡೇ ಕಾಲು ಬಡಿಯುತ್ತೇನೆ.